ಕೊಬ್ಬರಿ ಸಕ್ಕರೆ ತಿಂದು ಹಾಕಿದ ರೈಟ್ ಮಾರ್ಕು

ಹೋದ ವಾರ ಇಬ್ಬರು ಹುಡುಗಿಯರು ಮಾರೇನಹಳ್ಳಿಯ ನಮ್ಮ ಮನೆಗೆ ಬಂದಿದ್ದರು. ನಾನು ಮೂವತ್ತನಾಲ್ಕು ವರ್ಷ ಮಾಡಿ ಬಿಟ್ಟ ಕೆಲಸಕ್ಕೆ ಈಗಷ್ಟೇ ಸೇರಿದವರು. ಮನೆ ಮನೆ ತಿರುಗಿ ಬಸುರಿ ಬಾಣಂತಿಯರನ್ನು ವಿಚಾರಿಸುವುದು, ಗುರುವಾರ ಗುರುವಾರ ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಕಾರ್ಡು ತುಂಬುವುದು. ಸರ್ಕಾರಿ ನರ್ಸಮ್ಮನ ಕೆಲಸ. "ಮೇಡಂ, ನಿಮ್ಮ ಎಕ್ಸ್‌ಪೀರಿಯೆನ್ಸ್‌ನಲ್ಲಿ ನಮಗೆ ಏನಾದ್ರೂ ಟಿಪ್ಸ್ ಕೊಡಿ" ಅಂದರು. ಟಿಪ್ಸಂತೆ! ಉಪ್ಪಿನಕಾಯಿ ಹಾಕುವುದನ್ನು ಕೇಳಿದ ಹಾಗೆ. ಕಾಫಿ ಕೊಟ್ಟು, ಅದೂ ಇದೂ ಮಾತಾಡಿ ಕಳಿಸಿದೆ. ಅವರು ಮೆಟ್ಟಿಲಿಳಿದು ಹೋದ ಮೇಲೆ ಕೂತ ಜಾಗದಿಂದ ನನಗೆ ಏಳಲಾಗಲಿಲ್ಲ. ಹೇಳಬೇಕಾದದ್ದು ಒಂದಿತ್ತು, ಅದೊಂದನ್ನೇ ಬಿಟ್ಟು ಊರ ಮೇಲಿನದೆಲ್ಲ ಹೇಳಿದ್ದೆ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಬಡ್ತಿ ಯಾವಾಗ ಸಿಗುತ್ತದೆ, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ ಎನ್ನುವುದನ್ನು ಆಫೀಸಿನ ಗುಮಾಸ್ತರನ್ನು ಕೇಳಿಕೊಳ್ಳಿ. ನನ್ನ ಹತ್ತಿರ ಇರುವುದು ಎಡವಟ್ಟುಗಳು ಮಾತ್ರ.

ಮೊದಲನೆಯ ಎಡವಟ್ಟು ಲಗ್ಗೆರೆಯಲ್ಲಿ. ಆಗ ನನಗೆ ಇಪ್ಪತ್ತೈದು ವರ್ಷ, ತರಬೇತಿ ಮುಗಿಸಿ ಬಂದ ಜಂಬ ಮೈತುಂಬ. ಫ್ಯಾಕ್ಟರಿ ಕೆಲಸಗಾರರ ವಠಾರ ಅದು. ಒಬ್ಬ ತಾಯಿ ಏಳು ತಿಂಗಳ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಕೂರಿಸಿದರೆ ಮಗು ಹಾಗೇ ವಾಲುತ್ತಿತ್ತು. ನಾನು ನಾಲ್ಕು ಜನರ ಎದುರಿಗೇ, "ಇಷ್ಟು ಹೊತ್ತಿಗೆ ಕೂತ್ಕೋಬೇಕಿತ್ತಲ್ಲಮ್ಮ, ಮಗು ಮಂದ ಇದ್ದಂಗಿದೆ" ಎಂದುಬಿಟ್ಟೆ. ಅಷ್ಟೇ. ಆ ಹೆಂಗಸು ಊಟ ಬಿಟ್ಟಳು, ಎದೆಹಾಲು ಬತ್ತಿತು. ಗಂಡನ ಮನೆಯವರು ಇವಳ ತವರಿನ ಏಳು ತಲೆಮಾರನ್ನು ಜಾಲಾಡಿದರು. ಆಮೇಲೆ ನೋಡಿದರೆ ಮಗು ಎರಡು ತಿಂಗಳು ಮುಂಚೆ ಹುಟ್ಟಿತ್ತು. ಅದರ ಲೆಕ್ಕ ಏಳಲ್ಲ, ಐದು. ಐದು ತಿಂಗಳ ಮಗು ವಾಲದೆ ಇನ್ನೇನು ಮಾಡೀತು? ನಮ್ಮ ಹಿರಿಯ ಸಿಸ್ಟರ್ ನನ್ನನ್ನು ಕರೆದು, "ರತ್ನ, ಬಾಯಿಗೊಂದು ಬೀಗ ಹಾಕ್ಕೋ. ಗೊತ್ತಿಲ್ದೇ ಇದ್ರೆ ಸುಮ್ನಿರೋದು ಕಲಿ" ಎಂದು ಚೆನ್ನಾಗಿ ಉಗಿದರು.

ಕಲಿತೆ. ಆದರೆ ಕಲಿಯಬಾರದ ರೀತಿಯಲ್ಲಿ ಕಲಿತೆ. ಅವತ್ತಿನಿಂದ ಯಾವ ತಾಯಿ ಏನು ಕೇಳಿದರೂ ನನ್ನ ಬಾಯಲ್ಲಿ ಒಂದೇ ಮಾತು: "ಎಲ್ಲಾ ಮಕ್ಕಳೂ ಒಂದೇ ಥರ ಇರಲ್ಲ ಕಣಮ್ಮ, ಹೆದರ್ಕೋಬೇಡ." ಆ ಮಾತು ಕೇಳಿ ಜನ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ರತ್ನಮ್ಮ ಸಿಸ್ಟರ್ ಬಾಯಿ ಒಳ್ಳೇದು ಎಂದು ಹೆಸರೂ ಬಂತು.

ಇನ್ನು ನಮ್ಮ ಮೇಲಿನವರ ವಿಷಯ. ಸರೋಜ ಮೇಡಂ ಅಂತ ಮೇಲ್ವಿಚಾರಕಿ ಇದ್ದರು. ಗರಿಗರಿ ಇಸ್ತ್ರಿಯ ಕಾಟನ್ ಸೀರೆ, ಕೈಯಲ್ಲಿ ಕೆಂಪು ಪೆನ್ನು. ಮಕ್ಕಳನ್ನು ಅವರು ನೋಡಿದ್ದು ನನಗೆ ನೆನಪಿಲ್ಲ, ರಿಜಿಸ್ಟರ್ ಮಾತ್ರ ಭೂತಗನ್ನಡಿ ಹಿಡಿದ ಹಾಗೆ ನೋಡುತ್ತಿದ್ದರು. "ಖಾಲಿ ಕಾಲಂ ನನ್ನ ಕಣ್ಣಿಗೆ ಬೀಳಬಾರದು ರತ್ನಮ್ಮ. ಖಾಲಿ ಇದ್ರೆ ನೀವು ಆ ಮನೆಗೆ ಹೋಗೇ ಇಲ್ಲ ಅಂತ ಅರ್ಥ." ತುಂಬಿದ್ದರೆ ಹೋಗಿದ್ದೇನೆ ಅಂತ ಅರ್ಥ. ಇಷ್ಟು ಸುಲಭವಾದ ಪರೀಕ್ಷೆಯಲ್ಲಿ ಯಾರು ತಾನೇ ಫೇಲಾಗುತ್ತಾರೆ? ತಿಂಗಳ ಕೊನೆಯಲ್ಲಿ ನಾವೆಲ್ಲ ಟೀ ಕುಡಿಯುತ್ತಾ ಸಾಲಾಗಿ ರೈಟ್ ಮಾರ್ಕು ಹಾಕುತ್ತಿದ್ದೆವು. ಆಮೇಲೆ ಟ್ಯಾಬ್ ಬಂತು. ಒಂದು ಖಾನೆ ಬಿಟ್ಟರೆ ಮುಂದಿನ ಪುಟವೇ ತೆರೆಯದು. ಸರೋಜ ಮೇಡಂ ನಿವೃತ್ತರಾಗಿ ಟ್ಯಾಬಿನೊಳಗೆ ಹೋಗಿ ಕೂತಿದ್ದಾರೆ ಎಂದು ನಾವು ನಗುತ್ತಿದ್ದೆವು.

ತಾಯಿ ಕಾರ್ಡಿನಲ್ಲಿ ಮಗುವಿನ ಬೆಳವಣಿಗೆಯ ಒಂದು ಪುಟ ಇರುತ್ತದೆ. ಕತ್ತು ನಿಂತಿತೇ, ಬೋರಲು ಬಿತ್ತೇ, ಕೂತಿತೇ, ಅಂಬೆಗಾಲಿಟ್ಟಿತೇ, ನಿಂತಿತೇ, ನಡೆಯಿತೇ. ಪಕ್ಕದಲ್ಲಿ ಎಷ್ಟನೇ ತಿಂಗಳು ಎಂದು ಬರೆಯಬೇಕು. ಬರೆಯುವ ಮುಂಚೆ ಮಗುವನ್ನು ಚಾಪೆಯ ಮೇಲೆ ಬಿಟ್ಟು ನೋಡಬೇಕು. ಒಂದು ಗುರುವಾರಕ್ಕೆ ಐವತ್ತು ಅರವತ್ತು ಮಕ್ಕಳು ಬರುವ ಕಡೆ ಯಾವ ಚಾಪೆ, ಯಾವ ಬಿಡುವುದು? ಮಗು ಅಜ್ಜಿಯ ಕಂಕುಳಲ್ಲಿರುತ್ತಿತ್ತು, ನಾನು ಸೂಜಿ ಹಿಡಿದುಕೊಂಡೇ ಕೇಳುತ್ತಿದ್ದೆ, ಅಜ್ಜಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಹೀಗಿರುವಾಗ ಮಲ್ಲತ್ತಹಳ್ಳಿಯ ಜಯಮ್ಮನವರ ಮನೆಯಲ್ಲಿ ಮೊದಲ ಮೊಮ್ಮಗಳು ಸಿಂಚನ ಹುಟ್ಟಿದಳು. ಹಳೇ ಊರಿನ ಒಕ್ಕಲಿನ ಮನೆ. ಹೊಲವೆಲ್ಲ ಸೈಟುಗಳಾಗಿ, ಪಕ್ಕದಲ್ಲಿ ನಾಲ್ಕಂತಸ್ತಿನ ಬಾಡಿಗೆ ಕಟ್ಟಡ ಎದ್ದಿದ್ದರೂ ಇವರು ಮಾತ್ರ ಹಳೇ ಮನೆಯಲ್ಲೇ ಇದ್ದರು. ಸೊಸೆ ವಿದ್ಯಾಗೆ ಬ್ಯಾಂಕಿನ ಕೆಲಸ. ಹೆರಿಗೆ ರಜೆ ಮುಗಿದ ಕೂಡಲೇ ಅವಳನ್ನು ಹಾವೇರಿ ಕಡೆಯ ಒಂದು ಶಾಖೆಗೆ ಹಾಕಿದ್ದರು. ಅಪರೂಪಕ್ಕೊಮ್ಮೆ ಒಂದು ದಿನದ ಮಟ್ಟಿಗೆ ಬಂದು ಹೋಗುತ್ತಿದ್ದಳು, ಆಗೆಲ್ಲ ಮಗು ಅಜ್ಜಿಯ ಕಂಕುಳು ಬಿಟ್ಟು ಇಳಿಯುತ್ತಿರಲಿಲ್ಲ. ಮಗು ಅಜ್ಜಿಯ ಕೈಯಲ್ಲೇ ಬೆಳೆಯಿತು.

ನಮ್ಮ ಕಡೆ ಮಗು ಮೊದಲ ಸಲ ತಾನಾಗಿ ಹೊಸ್ತಿಲು ದಾಟಿದರೆ ಅದೊಂದು ಹಬ್ಬ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಬೀದಿಗೆಲ್ಲ ಕೊಬ್ಬರಿ ಸಕ್ಕರೆ ಹಂಚುತ್ತಾರೆ. ಸಿಂಚನಳಿಗೆ ಎಂಟು ತಿಂಗಳಾದಾಗ ನಾನು ಆ ಬೀದಿಯಲ್ಲಿ ಪೋಲಿಯೋ ಲೆಕ್ಕ ಬರೆಯುತ್ತಾ ಹೋಗುತ್ತಿದ್ದೆ. ಜಯಮ್ಮ ಸ್ಟೀಲ್ ಡಬ್ಬಿ ಹಿಡಿದು ಎದುರಿಗೇ ಬಂದರು.

"ತಗೊಳಿ ಸಿಸ್ಟ್ರಮ್ಮ, ನಮ್ಮ ಸಿಂಚನ ಹೊಸ್ತಿಲು ದಾಟಿದ್ಲು! ಎಂಟೇ ತಿಂಗಳಿಗೆ!"

ಕೈಯೊಡ್ಡಿ ಹಾಕಿಸಿಕೊಂಡೆ. ಒಳ್ಳೆಯ ಬಿಳಿ ಕೊಬ್ಬರಿ, ಏಲಕ್ಕಿ ಬೇರೆ ಹಾಕಿದ್ದರು. ಬಾಯಿ ಚಪ್ಪರಿಸಿಕೊಂಡೇ ಚೀಲದಿಂದ ರಿಜಿಸ್ಟರ್ ತೆಗೆದು 'ಅಂಬೆಗಾಲು, ಎಂಟು ತಿಂಗಳು' ಎಂದು ರೈಟ್ ಹಾಕಿದೆ. ಮಗುವನ್ನು ನೋಡಲು ಒಳಗೆ ಹೋಗಲಿಲ್ಲ. ಹದಿನಾರನೇ ತಿಂಗಳ ಚುಚ್ಚುಮದ್ದಿಗೆ ಅಜ್ಜಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. "ನಡೀತಾಳಾ?" ಎಂದೆ. "ಅಯ್ಯೋ, ಓಡ್ತಾಳೆ ಬಿಡಿ! ಹಿಡಿಯೋಕಾಗಲ್ಲ" ಎಂದರು. ಎಂಟಕ್ಕೆ ಹೊಸ್ತಿಲು ದಾಟಿದವಳು ಹತ್ತಕ್ಕೆ ನಡೆದಿರಬೇಕು ಎಂದು ನಾನೇ ಲೆಕ್ಕ ಹಾಕಿ 'ಹತ್ತು ತಿಂಗಳು' ಎಂದು ಕಾರ್ಡಿನಲ್ಲೂ ಬರೆದುಬಿಟ್ಟೆ. ಕಾರ್ಡು ನೋಡಿ ಸರೋಜ ಮೇಡಂ ಕೂಡ ಮೆಚ್ಚಿಕೊಂಡರು.

ಸಿಂಚನಳಿಗೆ ನಾಲ್ಕು ವರ್ಷ ದಾಟಿದಾಗ ಎರಡನೇ ಮಗು ಲಿಖಿತ ಹುಟ್ಟಿತು. ಈ ಸಲ ವಿದ್ಯಾ ಬೆಂಗಳೂರಿಗೇ ವರ್ಗ ಮಾಡಿಸಿಕೊಂಡು, ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲೇ ಉಳಿದಳು. ದೊಡ್ಡವಳ ಮೊದಲ ಹೆಜ್ಜೆ ನೋಡಲಿಲ್ಲ, ಇವಳದ್ದಾದರೂ ನೋಡುತ್ತೇನೆ ಎಂದು ಅವಳ ಆಸೆ. ಆ ಆಸೆಯೇ ಅವಳನ್ನು ತಿನ್ನತೊಡಗಿತು. ದೊಡ್ಡವಳ ಕಾರ್ಡನ್ನು ಬಟ್ಟೆ ಬೀರುವಿನಿಂದ ತೆಗೆದು ದೇವರ ಪಟದಂತೆ ಕಣ್ಣೆದುರಿಗೆ ಇಟ್ಟುಕೊಂಡಿದ್ದಳು. ಅಕ್ಕ ಎಂಟಕ್ಕೆ ಅಂಬೆಗಾಲು, ತಂಗಿ ಒಂಬತ್ತಾದರೂ ಹೊಟ್ಟೆಯ ಮೇಲೇ ತೆವಳುವುದು. ಅಕ್ಕ ಹತ್ತಕ್ಕೆ ನಡಿಗೆ, ತಂಗಿ ಹನ್ನೆರಡಾದರೂ ಸೋಫಾ ಹಿಡಿದು ನಿಲ್ಲುವುದಿಲ್ಲ. ನನಗೆ ಫೋನ್ ಮಾಡುತ್ತಲೇ ಇದ್ದಳು.

ಒಂಬತ್ತನೇ ತಿಂಗಳಿನಲ್ಲಿ ಒಂದು ಮಾತು ಹೇಳಿದ್ದಳು. "ಸಿಸ್ಟರ್, ಡೈಪರ್ ಹಾಕೋವಾಗ ಇವಳ ಕಾಲು ಸರಿಯಾಗಿ ಅಗಲ ಆಗಲ್ಲ. ಅಗಲಿಸಿದ್ರೆ ಅಳ್ತಾಳೆ."

"ಕೊಬ್ರಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಮ್ಮ. ಎಲ್ಲಾ ಮಕ್ಕಳೂ ಒಂದೇ ಥರ ಇರಲ್ಲ" ಎಂದೆ.

ಮಗುವಿನ ತಾಯಿ ರೋಗದ ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನನಗೆ ಹೇಳಿದ್ದಳು. ನಾನು ಎಣ್ಣೆ ಹಚ್ಚು ಎಂದೆ.

ಲಿಖಿತಳಿಗೆ ಹದಿನಾಲ್ಕು ತಿಂಗಳಾದಾಗ ವಿದ್ಯಾ ನನ್ನನ್ನು ನೆಚ್ಚುವುದು ಬಿಟ್ಟು ನೇರ ನಮ್ಮ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಬಂದಳು. ನನ್ನ ನಿವೃತ್ತಿಗೆ ಆಗ ಐದು ತಿಂಗಳಿತ್ತು. ಅತ್ತೆ ಜಯಮ್ಮನೂ ಜೊತೆಗಿದ್ದರು, ಶಾಲೆಗೆ ರಜೆ ಇದ್ದದ್ದರಿಂದ ಐದೂವರೆ ವರ್ಷದ ಸಿಂಚನಳೂ ಬಂದಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಮಗುವಿನ ಬೆನ್ನು, ಕತ್ತು, ಕಣ್ಣು ನೋಡಿದರು. ಗೊಂಬೆ ತೋರಿಸಿದರೆ ಕೈ ಚಾಚಿ ನಕ್ಕಿತು.

"ಚುರುಕಾಗಿದಾಳಲ್ಲಮ್ಮ. ಮೊದಲನೇ ಮಗು ಯಾವಾಗ ನಡೀತು?"

ವಿದ್ಯಾ ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟಳು. "ಹತ್ತು ತಿಂಗಳಿಗೆ ಸಾರ್. ನೋಡಿ, ನಮ್ಮ ಸಿಸ್ಟರೇ ಬರೆದಿದ್ದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿ ಸೆರಗು ಸರಿಮಾಡಿಕೊಂಡಿತು. ಡಾಕ್ಟರು ಕಾರ್ಡಿನ ಮೇಲೆ ಬೆರಳಾಡಿಸಿದರು. "ಅಕ್ಕನಿಗೆ ಏನೂ ತೊಂದರೆ ಇರ್ಲಿಲ್ಲ, ಎಲ್ಲ ಬೇಗ ಬೇಗ ಆಗಿದೆ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲ ಅಂದ್ರೆ ಹೆದರೋದು ಬೇಡ. ಹದಿನೆಂಟು ತಿಂಗಳವರೆಗೂ ನೋಡೋಣ. ಕೆಲವು ಮಕ್ಕಳು ನಿಧಾನ."

ಜಯಮ್ಮನಿಗೆ ಹುರುಪು ಬಂತು. "ನಾನೂ ಅದೇ ಹೇಳಿದ್ದು ಡಾಕ್ಟ್ರೇ. ನಮ್ಮ ವಂಶದಲ್ಲಿ ಕಾಲಿನ ದೋಷ ಇಲ್ಲ. ನಮ್ಮ ದೊಡ್ಡ ಹುಡುಗಿ ನಡೆದ್ರೆ ಹಂಸ ನಡೆದಂಗೆ! ಬಾರೇ ಸಿಂಚನ, ಚಪ್ಪಲಿ ಬಿಟ್ಟು ಒಂದು ಸಲ ನಡೆದು ತೋರ್ಸು ಡಾಕ್ಟ್ರಿಗೆ."

ಹುಡುಗಿಗೆ ಇದು ಅಭ್ಯಾಸ ಇದ್ದ ಹಾಗಿತ್ತು. ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕಾರಿಡಾರಿನ ಉದ್ದಕ್ಕೂ ನಡೆದುಹೋದಳು. ಡಾಕ್ಟರು ಚೀಟಿ ಬರೆಯುತ್ತಿದ್ದರು, ತಲೆಯೆತ್ತಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದವಳು ನೋಡಿದೆ.

ಆ ಹುಡುಗಿಯನ್ನು ಹುಟ್ಟಿದಾಗಿನಿಂದ ಬಲ್ಲೆ. ಎಷ್ಟು ಚುಚ್ಚುಮದ್ದು ಹಾಕಿದ್ದೇನೋ! ನಡೆಯುವುದನ್ನು ನೋಡಿದ್ದು ಅವತ್ತೇ ಮೊದಲು. ಎಡಗಾಲಿಟ್ಟರೆ ಮೈ ಎಡಕ್ಕೆ ವಾಲುತ್ತಿತ್ತು, ಬಲಗಾಲಿಟ್ಟರೆ ಬಲಕ್ಕೆ. ಸೊಂಟ ಹಿಂದಕ್ಕೆ, ಹೊಟ್ಟೆ ಮುಂದಕ್ಕೆ. ಹಂಸವಲ್ಲ, ಬಾತುಕೋಳಿ. ತರಬೇತಿಯಲ್ಲಿ ಈ ನಡಿಗೆಯನ್ನು ನಮಗೆ ತೋರಿಸಿದ್ದರು. ಇಷ್ಟು ವರ್ಷ ಇಡೀ ಬೀದಿ ಇದನ್ನು ನೋಡಿ ಚಪ್ಪಾಳೆ ತಟ್ಟಿತ್ತೇ? ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಸರ್ಕಾರದ ಸಂಬಳ ತಿನ್ನುವ ನನಗೆ ಏನಾಗಿತ್ತು?

ಸುಳ್ಳು ಹೇಳುವುದಿಲ್ಲ, ಪೆನ್ಷನ್ ಕಾಗದಗಳು ಕಣ್ಣ ಮುಂದೆ ಬಂದವು. ವಿದ್ಯಾ ಚೀಟಿ ಮಡಿಸಿ ಎದ್ದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಲ್ಲಿ ಮೊದಲ ಸಲ ಸಮಾಧಾನ ಕಂಡಿತು. ಅದನ್ನು ನೋಡಲಾಗಲಿಲ್ಲ.

"ಸಾರ್" ಎಂದೆ. "ಆ ಕಾರ್ಡನ್ನ ನಂಬಬೇಡಿ. ಅದು ಸುಳ್ಳು. ನಾನು ಮಗೂನ ನೋಡೇ ಇರ್ಲಿಲ್ಲ, ಸುಮ್ನೆ ಬರೆದೆ. ದೊಡ್ಡವಳನ್ನ ಇನ್ನೊಂದು ಸಲ ನಡೆಸಿ ನೋಡಿ ಸಾರ್."

ಡಾಕ್ಟರು ಪೆನ್ನು ಕೆಳಗಿಟ್ಟರು. ಎದ್ದುಬಂದು ಸಿಂಚನಳನ್ನು ಮತ್ತೆ ನಡೆಸಿದರು. ಹೋಗುವಾಗ ನೋಡಿದರು, ಬರುವಾಗ ನೋಡಿದರು. ಒಂದೇ ಕಾಲಿನ ಮೇಲೆ ನಿಲ್ಲಲು ಹೇಳಿದರು, ನಿಲ್ಲಲಾಗದೆ ಅವರ ಕೈ ಹಿಡಿದುಕೊಂಡಳು. ಆಮೇಲೆ ಜಯಮ್ಮನತ್ತ ತಿರುಗಿದರು.

"ಅಮ್ಮ, ನಿಜ ಹೇಳಿ. ಈ ಮಗು ಯಾವಾಗ ನಡೀತು?"

ಜಯಮ್ಮ ಬೆಂಚಿನ ಮೇಲೆ ಕುಸಿದು ಕೂತರು. ಆ ಗಟ್ಟಿ ಬಾಯಿಯ ಹೆಂಗಸು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಒಂದೂವರೆ ವರ್ಷ ದಾಟಿತ್ತು ಸಾರ್. ಇನ್ನೂ ಜಾಸ್ತೀನೇ ಇರಬೇಕು."

"ಅತ್ತೆ?" ವಿದ್ಯಾ ಬೆಚ್ಚಿಬಿದ್ದಳು. "ಹೊಸ್ತಿಲು ದಾಟಿದ್ದು ಫೋಟೋ ಕಳಿಸಿದ್ರಲ್ಲ? ನಾನು ಬ್ಯಾಂಕಲ್ಲಿ ಎಲ್ರಿಗೂ ತೋರ್ಸಿ ಅತ್ತಿದ್ದೆ."

"ನಾನೇ ಎತ್ತಿ ಆಚೆ ಇಳಿಸ್ದೆ ಕಣೇ. ಇಳಿಸಿ ಫೋಟೋ ತೆಗೆಸ್ದೆ." ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನನ್ನ ವಾರಗಿತ್ತಿ ಮೊಮ್ಮಗ ಅದೇ ತಿಂಗಳಲ್ಲಿ ದಾಟಿದ್ದ. ನಮ್ಮದು ಕೂತ ಜಾಗ ಬಿಟ್ಟು ಅಲ್ಲಾಡ್ತಿರ್ಲಿಲ್ಲ. ಬಂದೋರೆಲ್ಲಾ ನಿನ್ನನ್ನೇ ಅನ್ನೋರು. ತಾಯಿ ಮಡಿಲು ಬಿಟ್ಟು ದುಡಿಯೋಕೆ ಹೋದ್ಲು, ಮಗು ಹಿಂದೆ ಬಿತ್ತು ಅಂತ. ನಿನ್ನನ್ನ ಅಂದ್ರೆ ನಾನು ಸುಮ್ನಿರ್ತೀನಾ? ಅವರ ಬಾಯಿಗೆ ಕೊಬ್ರಿ ಸಕ್ಕರೆ ತುಂಬಿ ಮುಚ್ಚಿಸಿಬಿಟ್ಟೆ."

ಆ ಕೊಬ್ಬರಿ ಸಕ್ಕರೆ ತುಂಬಿಸಿಕೊಂಡ ಬಾಯಿಗಳಲ್ಲಿ ನನ್ನದೂ ಒಂದು. ಅತ್ತೆ ಸೊಸೆಯ ಮಾನ ಕಾಯಲು ಸುಳ್ಳು ಹೇಳಿದರು. ನಾನು ಯಾರ ಮಾನ ಕಾಯಲು ಬರೆದೆ? ಒಂದು ಖಾಲಿ ಖಾನೆಯ ಮಾನ.

ಅದೇ ದಿನ ದೊಡ್ಡಾಸ್ಪತ್ರೆಯಲ್ಲಿ ಇಬ್ಬರು ಮಕ್ಕಳಿಗೂ ಎಕ್ಸ್-ರೇ ಆಯಿತು, ನಾನೂ ಜೊತೆಗೆ ಹೋಗಿದ್ದೆ. ಮೂಳೆ ಡಾಕ್ಟರು ಎರಡು ಫಿಲ್ಮುಗಳನ್ನೂ ಬೆಳಕಿಗೆ ಹಿಡಿದು ತೋರಿಸಿದರು. ತೊಡೆಯ ಮೂಳೆಯ ತುದಿ ಸೊಂಟದ ಗುಳಿಯೊಳಗೆ ಕೂತಿರಬೇಕು. ಅಕ್ಕನಿಗೂ ಕೂತಿಲ್ಲ, ತಂಗಿಗೂ ಕೂತಿಲ್ಲ. ಎರಡೂ ಕಡೆ, ಹುಟ್ಟಿನಿಂದಲೇ. ಎರಡೂ ಕಡೆ ಇದ್ದದ್ದರಿಂದ ಒಂದು ಕಾಲು ಗಿಡ್ಡ, ಒಂದು ಉದ್ದ ಎಂದು ಯಾರಿಗೂ ಕಾಣಲಿಲ್ಲ. ಒಂದು ಮಗುವಿಗೆ ಇದ್ದರೆ ಒಡಹುಟ್ಟಿದ ಮಗುವನ್ನು ಹುಟ್ಟಿದ ಕೂಡಲೇ ಪರೀಕ್ಷಿಸಬೇಕು. ನಮ್ಮ ಡಾಕ್ಟರು ಅಕ್ಕನ ಬಗ್ಗೆ ಕೇಳಿದ್ದು ಅದಕ್ಕೇ. ಉತ್ತರ ಹೇಳಿದ್ದು ನನ್ನ ಕೈಬರಹ.

"ಚಿಕ್ಕವಳಿಗೆ ಅರಿವಳಿಕೆ ಕೊಟ್ಟು ಕೀಲು ಕೂರಿಸಿ ಪ್ಲಾಸ್ಟರ್ ಹಾಕ್ತೀವಿ. ಈ ವಯಸ್ಸಿಗೆ ಚೆನ್ನಾಗಿ ಸರಿಹೋಗುತ್ತೆ" ಎಂದರು ಮೂಳೆ ಡಾಕ್ಟರು. "ದೊಡ್ಡವಳಿಗೆ ಅಷ್ಟರಲ್ಲಿ ಆಗಲ್ಲ. ಮೂಳೆ ಕುಯ್ದು ಕೂರಿಸಬೇಕು, ಒಂದೊಂದೇ ಕಡೆ. ಪೂರ್ತಿ ಸರಿಹೋಗುತ್ತೆ ಅಂತ ನಾನು ಮಾತು ಕೊಡಲಾರೆ."

"ಅವಳನ್ನೂ ಚಿಕ್ಕವಳಿದ್ದಾಗಲೇ ಕರ್ಕೊಂಡು ಬಂದಿದ್ರೆ?" ಎಂದಳು ವಿದ್ಯಾ.

ಅವರು ಹೇಳಲೋ ಬೇಡವೋ ಎಂಬಂತೆ ನೋಡಿ, "ಇವಳಿಗೆ ಮಾಡ್ತಿರೋಷ್ಟರಲ್ಲೇ ಮುಗೀತಿತ್ತು" ಎಂದರು. ವಿದ್ಯಾ ನನ್ನತ್ತ ತಿರುಗಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಡೆದದ್ದನ್ನು ಬರೆದು ಮೇಲಿನವರಿಗೆ ಕೊಟ್ಟೆ. ಮೆಮೊ ಬರುತ್ತದೆ ಎಂದು ಕಾದೆ. ಬರಲಿಲ್ಲ. "ನಿವೃತ್ತಿ ಹತ್ತಿರ ಇದೆ, ಯಾಕೆ ಸುಮ್ನೆ ಮೈಮೇಲೆ ಎಳ್ಕೋತೀರಿ? ಎಲ್ಲರೂ ಮಾಡೋದೇ ತಾನೇ?" ಎಂದು ಕಾಗದ ವಾಪಸು ಕೊಟ್ಟರು. ನಿಜ, ಎಲ್ಲರೂ ಮಾಡುವುದೇ. ಅದನ್ನು ಕೇಳಿ ನನಗೆ ಬಂದ ಹೆದರಿಕೆ ಎಕ್ಸ್-ರೇ ನೋಡಿದಾಗಲೂ ಬಂದಿರಲಿಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಾರ ಹಾಕಿ, "ರತ್ನಮ್ಮನವರ ರಿಜಿಸ್ಟರಿನಲ್ಲಿ ಇವತ್ತಿನವರೆಗೆ ಒಂದು ಖಾಲಿ ಕಾಲಂ ನಾವು ಕಂಡಿಲ್ಲ" ಎಂದು ಮೈಕಿನಲ್ಲಿ ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಕೊಟ್ಟ ಮೈಸೂರು ಪಾಕನ್ನು ತಟ್ಟೆಯಲ್ಲೇ ಬಿಟ್ಟು ಬಂದೆ.

ಅದಕ್ಕೇ ಹೇಳುತ್ತಿದ್ದೇನೆ, ಕೆಲಸಕ್ಕೆ ಸೇರಿರುವ ಹುಡುಗಿಯರೇ. ನೋಡದೇ ಇದ್ದರೆ ಖಾಲಿ ಬಿಡಿ. ಬೈಸಿಕೊಳ್ಳಿ. ಟ್ಯಾಬು ಮುಂದಕ್ಕೆ ಹೋಗದಿದ್ದರೆ ಅಲ್ಲೇ ನಿಲ್ಲಿಸಿ, ಆ ಮನೆಗೆ ಮತ್ತೆ ಹೋಗಿ, ಮಗುವನ್ನು ಕಂಕುಳಿಂದ ಇಳಿಸಿ ನೋಡಿ. ಅಜ್ಜಿಯರು ಸುಳ್ಳು ಹೇಳುತ್ತಾರೆ, ಪ್ರೀತಿಗೆ ಹೇಳುತ್ತಾರೆ. ನಿಮಗೆ ಆ ಸಬೂಬೂ ಇಲ್ಲ.

ಲಿಖಿತ ಸೊಂಟದಿಂದ ಪಾದದವರೆಗೆ ಪ್ಲಾಸ್ಟರಿನಲ್ಲಿ ತಿಂಗಳುಗಟ್ಟಲೆ ಕಪ್ಪೆಯ ಹಾಗೆ ಮಲಗಿದ್ದು ಎದ್ದಳು. ಎರಡು ವರ್ಷ ತುಂಬುವ ಹೊತ್ತಿಗೆ ನಡೆದಳು. ನೆಟ್ಟಗೆ ನಡೆದಳು. ವಿದ್ಯಾ ಆ ಹೆಜ್ಜೆಯನ್ನು ಕಣ್ಣಾರೆ ನೋಡಿದಳು, ಫೋನ್ ಮಾಡಿ ನನಗೂ ಹೇಳಿದಳು. ಅಷ್ಟು ದೊಡ್ಡ ಮನಸ್ಸು ಅವಳದ್ದು.

ಸಿಂಚನಳಿಗೆ ಎರಡನೇ ಆಪರೇಷನ್ ಆಗಿ ಮೂರು ವಾರಕ್ಕೆ ನೋಡಲು ಹೋಗಿದ್ದೆ. ನಡುಮನೆಯಲ್ಲಿ ಮಂಚ ಹಾಕಿದ್ದರು. ಹೊಟ್ಟೆಯವರೆಗೆ ಪ್ಲಾಸ್ಟರು, ಅದರ ಮೇಲೆಲ್ಲ ಸ್ಕೆಚ್ ಪೆನ್ನಿನಲ್ಲಿ ಹೂವು ಬಿಡಿಸಿಕೊಂಡಿದ್ದಳು. ಕಿತ್ತಳೆ ಸುಲಿದು ಕೊಡುತ್ತಾ ಕೂತೆ.

"ಸಿಸ್ಟರ್ ಆಂಟಿ, ಪ್ಲಾಸ್ಟರ್ ತೆಗೆದ್ಮೇಲೆ ನಡೆದ್ರೆ ಕಾಲು ನೋಯಲ್ಲ ಅಂತೆ, ಡಾಕ್ಟರ್ ಅಂಕಲ್ ಹೇಳಿದ್ರು."

"ಹೌದು ಪುಟ್ಟಿ. ಯಾಕೆ, ಮುಂಚೆ ನೋಯ್ತಿತ್ತಾ?"

"ಹೂಂ. ದಿನಾ." ಅವಳು ಕಿತ್ತಳೆಯ ತೊಳೆಯೊಂದರ ಬೀಜ ತೆಗೆಯುವುದರಲ್ಲಿ ಮಗ್ನಳಾಗಿದ್ದಳು.

"ದಿನಾ ನೋಯ್ತಿತ್ತಾ? ಮತ್ತೆ ಯಾಕೆ ಅಮ್ಮಂಗೆ ಹೇಳ್ಲಿಲ್ಲ ಕಂದಾ?"

ಏನು ಪೆದ್ದು ಪ್ರಶ್ನೆ ಎನ್ನುವಂತೆ ತಲೆಯೆತ್ತಿದಳು. "ನಡೆದ್ರೆ ಎಲ್ರಿಗೂ ನೋಯುತ್ತಲ್ಲ? ನಿಮಗೆ ನೋಯಲ್ವಾ?"

"ಇಲ್ಲ ಪುಟ್ಟಿ" ಎಂದೆ.

ಅವಳ ಕೈಯಲ್ಲಿದ್ದ ತೊಳೆ ಹಾಗೇ ನಿಂತಿತು. ಕಣ್ಣರಳಿಸಿ ನನ್ನನ್ನೇ ನೋಡಿದಳು.

"ಒಂದು ದಿನಾನೂ ಇಲ್ವಾ?"